ಬಾರಿಸಿದ ಕೈಗೆ ಹೆಸರಿಲ್ಲವೇ?

ಕೊಡಗಿನಲ್ಲಿ ಮದುವೆ ಎಂದರೆ ವಾಲಗ. ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ದಾರಿಯಲ್ಲಿರುವ ನಮ್ಮ ಮೂರ್ನಾಡಿನಲ್ಲಿ ಮದುವೆಯ ತಿಂಗಳುಗಳು ಬಂದಾಗ ಈ ಮಾತಿಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ಕಾಫಿ ತೋಟದ ಆಚೆಯಿಂದ ಡೋಲಿನ ಬಡಿತ, ಅದರ ಮೇಲೆ ವಾಲಗದ ಸ್ವರ, ನಡುನಡುವೆ ಕೊಂಬಿನ ಕೂಗು ತೇಲಿ ಬರುತ್ತಲೇ ಮನೆಯೊಳಗೆ ಕುಳಿತವರ ಪಾದವೂ ತಾನಾಗಿ ಲಯ ಹಿಡಿಯುತ್ತದೆ. ಅದು ಕೊಡವರ ಮನೆಯ ಮದುವೆಯೇ ಆಗಬೇಕೆಂದಿಲ್ಲ. ದೇವಾಲಯದಲ್ಲಿ ವಿವಾಹದ ಬಲಿಪೂಜೆ ಮುಗಿಸಿ ಹೊರಬರುವ ನಮ್ಮ ಕ್ರೈಸ್ತ ವಧೂವರರನ್ನು ಎಷ್ಟೋ ಬಾರಿ ಮೊದಲು ಎದುರುಗೊಳ್ಳುವುದೂ ಅದೇ ವಾಲಗ. ಮನೆಯಲ್ಲಿ ಕೊಂಕಣಿಯನ್ನೋ ಮಲಯಾಳವನ್ನೋ ತಮಿಳನ್ನೋ ಆಡುವ ನಾವೆಲ್ಲರೂ ಆ ಬಡಿತದ ಮುಂದೆ ಕೈಯೆತ್ತಿ ಕುಣಿಯುವಾಗ ಕೊಡಗಿನವರೇ ಆಗಿಬಿಡುತ್ತೇವೆ.

ಈ ಸಂಗೀತದ ಬಗ್ಗೆ ಹೊಗಳಿಕೆಯ ಮಾತುಗಳು ಸಾಕಷ್ಟು ಬಂದಿವೆ. ಹೊಗಳುವುದಕ್ಕಿಂತ ತುಸು ಕಷ್ಟದ ಕೆಲಸವೊಂದನ್ನು ಇಲ್ಲಿ ಮಾಡಬೇಕೆಂದಿದ್ದೇನೆ. ಈ ಸಂಗೀತದ ಶಕ್ತಿ ಎಲ್ಲಿದೆ, ಅದು ಈಗ ಎಲ್ಲಿ ಸೊರಗುತ್ತಿದೆ, ಅದರಲ್ಲಿ ನಮ್ಮ ಪಾಲೆಷ್ಟು ಎಂಬುದನ್ನು ನಿಮ್ಮೊಡನೆ ಕುಳಿತು ವಿಚಾರಿಸಬೇಕೆಂಬುದು ನನ್ನ ಆಸೆ. ಇದಕ್ಕೆ ಪ್ರೇರಣೆಯಾದದ್ದು ಯಾವ ಪುಸ್ತಕವೂ ಅಲ್ಲ, ನಾನೇ ಮಾಡಿದ ಒಂದು ತಪ್ಪು.

ಕೆಲವು ವರ್ಷಗಳ ಹಿಂದೆ ನಮ್ಮ ಕುಟುಂಬದಲ್ಲಿ ಮದುವೆ ನಡೆಯಿತು. ಊಟದ ಉಸ್ತುವಾರಿ ನನ್ನದು. ಐದು ಮಂದಿಯ ವಾಲಗದ ತಂಡ ಬೆಳಗಿನಿಂದ ನುಡಿಸುತ್ತಿತ್ತು. ನೆಂಟರು ಒಂದು ಸುತ್ತು ಉಂಡರು, ಎರಡು ಸುತ್ತು ಉಂಡರು, ಕುಣಿಯುವವರು ಉಂಡು ಬಂದು ಮತ್ತೆ ಕುಣಿದರು. ನುಡಿಸುವವರು ಮಾತ್ರ ನುಡಿಸುತ್ತಲೇ ಇದ್ದರು. ಸಂಜೆ ನಾಲ್ಕರ ಹೊತ್ತಿಗೆ ನನಗೆ ಅವರ ನೆನಪಾಯಿತು. ಅಡುಗೆಯ ಕಡೆ ಹೋಗಿ ನೋಡಿದರೆ ಪಂದಿ ಕರಿ ಮುಗಿದಿತ್ತು, ಕಡುಂಬುಟ್ಟಿನ ಪಾತ್ರೆ ಬರಿದಾಗಿತ್ತು. ಅನ್ನ, ಸಾರು, ಒಂದಿಷ್ಟು ಪಲ್ಯ ಉಳಿದಿದ್ದವು. ಹಿಂದಿನ ಜಗಲಿಯಲ್ಲಿ ಕುಳಿತು ಅವರು ಉಂಡರು. ನಾನು ಸಂಕೋಚದಿಂದ ತಂಡದ ಹಿರಿಯರನ್ನು, “ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಹೆಸರೇನು?” ಎಂದು ಕೇಳಿದೆ. ಅವರು ನಕ್ಕು, “ಬೇಸರ ಏನಿಲ್ಲ ಅಣ್ಣಾ, ಇದು ಯಾವಾಗಲೂ ಇರುವುದೇ. ಹೆಸರು ಮಾತ್ರ ಯಾರೂ ಕೇಳುವುದಿಲ್ಲ,” ಎಂದರು. ಆಮೇಲೆ ಹೆಸರು ಹೇಳಿದರು. ಅವರನ್ನು ಕೇಳದೆ ಅದನ್ನು ಅಚ್ಚು ಹಾಕುವುದು ಸರಿಯಲ್ಲವೆಂದು ಇಲ್ಲಿ ಬರೆಯುತ್ತಿಲ್ಲ. ಆದರೆ ಇಪ್ಪತ್ತು ವರ್ಷಗಳಿಂದ ಅವರ ಡೋಲಿಗೆ ಕುಣಿದ ನಾನು ಅಂದೇ ಮೊದಲ ಬಾರಿಗೆ ಆ ಹೆಸರನ್ನು ಕೇಳಿದ್ದೆ ಎಂಬ ಮಾತನ್ನು ಮರೆಮಾಚಲಾರೆ.

ದುಡಿಯ ಹಾಡು

ಕೊಡಗಿನ ಸಾಂಪ್ರದಾಯಿಕ ಸಂಗೀತದಲ್ಲಿ ಎರಡು ದೊಡ್ಡ ಧಾರೆಗಳಿವೆ. ಒಂದು ಮಾತಿನದು, ಇನ್ನೊಂದು ಬಡಿತದ್ದು.

ಮಾತಿನ ಧಾರೆ ಎಂದರೆ ದುಡಿ ಕೊಟ್ಟ್ ಪಾಟ್. ನಾಲ್ವರು ಗಂಡಸರು ಕೈಯಲ್ಲಿ ದುಡಿ ಹಿಡಿದು ಹಾಡುತ್ತಾರೆ. ದುಡಿ ಒಂದು ಪುಟ್ಟ ವಾದ್ಯ. ನಡು ಸಣ್ಣ, ಎರಡು ತುದಿ ಅಗಲ, ಎರಡೂ ಕಡೆ ಚರ್ಮದ ಬಿಗಿತ. ಸಣ್ಣ ಕೋಲಿನಿಂದ ಅದನ್ನು ಬಾರಿಸುತ್ತಾರೆ. ಇಬ್ಬರು ಒಂದು ಸಾಲನ್ನು ಹಾಡಿದರೆ ಉಳಿದ ಇಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ದೇವಾಲಯದಲ್ಲಿ ಕೀರ್ತನೆಯನ್ನು ಎರಡು ಬದಿಗಳಾಗಿ ಹಂಚಿಕೊಂಡು ಹಾಡುವ ಅಭ್ಯಾಸವಿರುವ ನಮಗೆ ಈ ಕ್ರಮ ಅಪರಿಚಿತವೇನಲ್ಲ. ಮದುವೆಗೆ ಮಂಗಲ ಪಾಟ್, ಸುಗ್ಗಿಗೆ ಪುತ್ತರಿ ಪಾಟ್, ಮರಣಕ್ಕೆ ಚಾವು ಪಾಟ್, ನಾಡನ್ನೂ ದೇವತೆಗಳನ್ನೂ ವೀರರನ್ನೂ ನೆನೆಯುವುದಕ್ಕೆ ಬೇರೆ ಬೇರೆ ಹಾಡುಗಳು. ಹೀಗೆ ಬದುಕಿನ ಒಂದೊಂದು ತಿರುವಿನಲ್ಲಿಯೂ ಒಂದೊಂದು ಹಾಡು ಕಾದು ನಿಂತಿರುತ್ತದೆ.

“ಎಲ್ಲವೂ ಒಂದೇ ರಾಗ” ಎಂದು ನಮ್ಮ ಯುವಕರು ಈ ಹಾಡುಗಳನ್ನು ದೂರುವುದುಂಟು. ದೂರು ಸುಳ್ಳಲ್ಲ. ಸ್ವರಗಳ ಏರಿಳಿತ ಇಲ್ಲಿ ಕಡಿಮೆ. ಆದರೆ ಕಥನದ ಹಾಡಿಗೆ ರಾಗವೆಂಬುದು ದಾರಿಯ ಹಾಗೆ. ನಡೆಯುವುದು ಕಥೆ. ದಾರಿಯೇ ಹೆಜ್ಜೆಹೆಜ್ಜೆಗೆ ಕುಣಿಯತೊಡಗಿದರೆ ನಡೆಯುವವನು ಊರು ಸೇರುವುದೆಂತು? ರಾಗ ಸ್ಥಿರವಾಗಿರುವುದರಿಂದಲೇ ಕೇಳುವವನ ಗಮನ ಪದದ ಮೇಲೆ, ಮನೆತನದ ಹೆಸರಿನ ಮೇಲೆ, ಮಡಿದವನ ಬಾಳಿನ ಮೇಲೆ ನಿಲ್ಲುತ್ತದೆ. ಈ ಹಾಡನ್ನು ಚಲನಚಿತ್ರ ಗೀತೆಯ ಅಳತೆಗೋಲಿನಿಂದ ಅಳೆಯುವುದು ಭತ್ತವನ್ನು ಮೊಳ ಹಾಕಿ ಅಳೆದಂತೆ.

ಈ ಹಾಡುಗಳನ್ನು ಬರಹಕ್ಕೆ ಇಳಿಸಿದವರಲ್ಲಿ ಅಗ್ರಗಣ್ಯರು ನಡಿಕೇರಿಯಂಡ ಚಿಣ್ಣಪ್ಪನವರು. 1875ರಲ್ಲಿ ಹುಟ್ಟಿ 1931ರಲ್ಲಿ ತೀರಿಕೊಂಡ ಅವರು ವೃತ್ತಿಯಲ್ಲಿ ಪೊಲೀಸ್ ಅಧಿಕಾರಿ. ಹಾಡುಗಾರರಿಂದ ಕೇಳಿ ಬರೆದುಕೊಂಡ ಹಾಡುಗಳನ್ನೂ ಗಾದೆಗಳನ್ನೂ ಪದ್ಧತಿಗಳ ವಿವರಗಳನ್ನೂ ಕನ್ನಡ ಲಿಪಿಯಲ್ಲಿ ಸೇರಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಎಂಬ ಗ್ರಂಥವನ್ನು ಪ್ರಕಟಿಸಿದರು. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ಕೊಡವರ ಧರ್ಮ ಮತ್ತು ಸಮಾಜದ ಕುರಿತು 1952ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನಕ್ಕೂ ಈ ಗ್ರಂಥ ಆಧಾರವಾಯಿತು. ಚಿಣ್ಣಪ್ಪನವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು ಅದನ್ನು ಇಂಗ್ಲಿಷಿಗೆ ಅನುವಾದಿಸಿ 2003ರಲ್ಲಿ ಹೊರತಂದರು. ಒಂದು ಪುಟ್ಟ ನಾಡಿನ ಹಾಡು ಹೀಗೆ ಜಗತ್ತಿನ ಗ್ರಂಥಾಲಯಗಳಿಗೆ ಹೋಯಿತು.

ಗ್ರಂಥದ ಹಿರಿಮೆಯನ್ನು ಒಪ್ಪುತ್ತಲೇ ಒಂದು ಮಾತು ಹೇಳಬೇಕು. ಪುಟದ ಮೇಲೆ ಪದ ಉಳಿಯುತ್ತದೆ, ಉಸಿರು ಉಳಿಯುವುದಿಲ್ಲ. ಎಲ್ಲಿ ಎಳೆಯಬೇಕು, ಎಲ್ಲಿ ದುಡಿಯನ್ನು ಮೆಲ್ಲಗೆ ತಟ್ಟಬೇಕು, ಶೋಕದ ಮನೆಯಲ್ಲಿ ಯಾವ ಸಾಲಿನ ಬಳಿ ತುಸು ತಡೆದು ನಿಲ್ಲಬೇಕು ಎಂಬುದನ್ನು ಕಾಗದ ಕಲಿಸಲಾರದು. ಅದು ಒಬ್ಬ ಹಾಡುಗಾರನಿಂದ ಇನ್ನೊಬ್ಬನ ಕಿವಿಗೆ ದಾಟಬೇಕು. ಪುಸ್ತಕವಿದೆಯಲ್ಲ ಎಂದು ನಾವು ನೆಮ್ಮದಿಯಿಂದ ಕುಳಿತರೆ, ಬೀಜವನ್ನು ಡಬ್ಬಿಯಲ್ಲಿಟ್ಟು ಬಿತ್ತನೆ ಮರೆತವರಾಗುತ್ತೇವೆ.

ವಾಲಗದ ಬಡಿತ

ಎರಡನೆಯ ಧಾರೆ ಬಡಿತದ್ದು. ಕೊಂಬು, ಕೊಟ್ಟು, ವಾಲಗ ಎಂದು ನಾಡಿನವರು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಬಾಗಿದ ಕೊಂಬು, ಡೋಲುಗಳು, ಸ್ವರ ಎಳೆಯುವ ವಾಲಗ ಸೇರಿ ಆಗುವ ಈ ಮೇಳವನ್ನು ತಲೆತಲಾಂತರದಿಂದ ನುಡಿಸುತ್ತ ಬಂದವರು ಮುಖ್ಯವಾಗಿ ಮೇದರು ಮತ್ತು ಕೆಂಬಟ್ಟಿ ಜನಾಂಗದವರು. ಬಿದಿರು ಸೀಳಿ ಬುಟ್ಟಿ ಹೆಣೆಯುವ ಮೇದರ ಕೈಯೇ ಡೋಲನ್ನೂ ನುಡಿಸಿತು. ಗದ್ದೆಯಲ್ಲಿ ಒಡೆಯರಿಗಾಗಿ ದುಡಿದ ಕೆಂಬಟ್ಟಿಗಳ ಕೈಯೇ ಒಡೆಯರ ಮದುವೆಗೂ ಮರಣಕ್ಕೂ ಲಯ ಕೊಟ್ಟಿತು. ಇಬ್ಬರ ಮನೆಮಾತೂ ಕೊಡವ ತಕ್ಕೇ. ಆದರೆ ಅಂಗಳದಲ್ಲಿ ನಿಲ್ಲುವ ಜಾಗ ಬೇರೆ, ಉಣ್ಣುವ ಜಾಗ ಬೇರೆ ಆಗಿತ್ತು.

ಕಲೆಯಾಗಿ ನೋಡಿದರೆ ವಾಲಗದ ಗುಣ ಯಾವುದು? ಅದು ಕಣ್ಣಿರುವ ಸಂಗೀತ ಎಂಬುದು ನನ್ನ ಉತ್ತರ. ನೀವೂ ಗಮನಿಸಿ ನೋಡಿ. ಅಂಗಳದಲ್ಲಿ ಯುವಕರು ಕುಣಿಯುವಾಗ ಬಡಿತ ಬಿರುಸಾಗಿರುತ್ತದೆ. ಅಷ್ಟರಲ್ಲಿ ಮನೆಯ ಅಜ್ಜಿಯೊಬ್ಬರು ಸೀರೆಯ ಸೆರಗನ್ನು ಸರಿಪಡಿಸಿಕೊಂಡು ಮೆಲ್ಲಗೆ ವೃತ್ತದೊಳಗೆ ಕಾಲಿಡುತ್ತಾರೆ. ಯಾರೂ ಹೇಳಬೇಕಾಗಿಲ್ಲ. ಡೋಲಿನವರ ಕೈ ತಾನೇ ತಗ್ಗುತ್ತದೆ. ಅಜ್ಜಿಯ ಹೆಜ್ಜೆಗೆ ಹೊಂದುವಷ್ಟು ಬಡಿತ ಸಡಿಲವಾಗುತ್ತದೆ. ಅವರು ನಗುತ್ತ ಹೊರಗೆ ಬಂದ ಮೇಲೆ ಮತ್ತೆ ಬಿರುಸು. ಇದು ಅಭ್ಯಾಸದ ಬಲವಷ್ಟೇ ಅಲ್ಲ. ಎದುರಿಗಿರುವ ಮನುಷ್ಯನನ್ನು ನೋಡಿ, ಅವನಿಗೆಷ್ಟು ಬೇಕೋ ಅಷ್ಟನ್ನೇ ಕೊಡುವ ವಿವೇಕ. ಮದುವೆಯ ಬಡಿತ ಒಂದು, ಸಾವಿನ ಮನೆಯ ಬಡಿತ ಇನ್ನೊಂದು. ತೋಟದ ಆಚೆ ನಿಂತವರಿಗೂ ಅಲ್ಲಿ ನಗುವೋ ಅಳುವೋ ಎಂಬುದು ಕಿವಿಯಿಂದಲೇ ತಿಳಿಯುತ್ತದೆ.

ಇನ್ನು ಜನಪ್ರಿಯ ಸಂಗೀತದ ಕಡೆ ತಿರುಗೋಣ. ಕೊಡಗಿಗೂ ಕನ್ನಡ ಚಲನಚಿತ್ರ ಗೀತೆಗೂ ಹಳೆಯ ನಂಟು. 1971ರ ‘ಶರಪಂಜರ’ದ ಹಾಡು ಕೊಡಗಿನ ಕಾವೇರಿಯನ್ನು ನಾಡಿನ ಮನೆಮನೆಗೆ ತಂದಿತು. 1990ರಲ್ಲಿ ರಾಜೇಂದ್ರಸಿಂಗ್ ಬಾಬು ನಿರ್ದೇಶಿಸಿದ ‘ಮುತ್ತಿನ ಹಾರ’ಕ್ಕೆ ಹಂಸಲೇಖ ಸಂಗೀತ ನೀಡಿದರು. ಮಡಿಕೇರಿಯ ಸಿಪಾಯಿ ಎಂಬ ಮಾತು ಆ ಚಿತ್ರದ ಹಾಡಿನಿಂದ ಕರ್ನಾಟಕದ ಬಾಯಲ್ಲೆಲ್ಲ ನಲಿಯಿತು. ಈ ಹಾಡುಗಳು ಸೊಗಸಾದವು. ನಾನೂ ಗುನುಗುತ್ತೇನೆ. ಆದರೆ ಸಿನಿಮಾದ ಹಾಡು ಸ್ಟುಡಿಯೋದಲ್ಲಿ ಹುಟ್ಟುವಂಥದ್ದು. ಅದು ಕೊಡಗಿನ ಹೆಸರನ್ನು ಹೊತ್ತು ಮೆರೆಯುತ್ತದೆ, ಕೊಡಗಿನ ಅಂಗಳದಲ್ಲಿ ನುಡಿಸುವವನ ಬದುಕನ್ನು ಮುಟ್ಟುವುದಿಲ್ಲ. ಅದು ಸಿನಿಮಾದ ತಪ್ಪೆಂದು ನಾನು ಹೇಳುವುದಿಲ್ಲ.

ಅಂಗಳದೊಳಗೇ ನಡೆದಿರುವ ಬದಲಾವಣೆ ಇದಕ್ಕಿಂತ ಗಂಭೀರವಾದದ್ದು. ಧ್ವನಿಮುದ್ರಿತ ವಾಲಗ ಬಂದಿದೆ. ಕೀಬೋರ್ಡಿನಲ್ಲಿ ವಾಲಗದ ಬಡಿತವನ್ನು ಅನುಕರಿಸಿ, ಅದಕ್ಕೆ ಬೇರೆ ತಾಳ ಬೆರೆಸಿ, ಆಳೆತ್ತರದ ಧ್ವನಿವರ್ಧಕಗಳಲ್ಲಿ ಹಾಕುತ್ತಾರೆ. ಐದು ಜನರಿಗೆ ಕೂಲಿ ಕೊಡಬೇಕಾಗಿಲ್ಲ, ಊಟ ಹಾಕಬೇಕಾಗಿಲ್ಲ, ಗುಂಡಿ ಒತ್ತಿದರೆ ಸಾಕು. ಅದಕ್ಕೂ ಜನ ಕುಣಿಯುತ್ತಾರೆ. ಆದರೆ ಆ ಪೆಟ್ಟಿಗೆಗೆ ಕಣ್ಣಿಲ್ಲ. ಅಜ್ಜಿ ವೃತ್ತದೊಳಗೆ ಬಂದರೂ ಅದು ತಗ್ಗುವುದಿಲ್ಲ. ಹಾಗಾಗಿ ಅಜ್ಜಿ ಈಗ ವೃತ್ತದೊಳಗೆ ಬರುವುದಿಲ್ಲ, ಕುರ್ಚಿಯಲ್ಲಿ ಕುಳಿತು ಕಿವಿಗೆ ಸೆರಗು ಒತ್ತಿಕೊಳ್ಳುತ್ತಾರೆ.

ಮಾಲಿಯ ಸಂಗೀತದಿಂದ ಒಂದು ಪಾಠ

ಹಾಗಾದರೆ ಹೊಸ ವಾದ್ಯಗಳನ್ನು ದೂರವಿಟ್ಟರೆ ಹಳೆಯದು ಉಳಿಯುತ್ತದೆಯೇ? ನಾನೂ ಹಾಗೆಯೇ ನಂಬಿದ್ದೆ. ನನ್ನ ನಂಬಿಕೆ ಅಲುಗಿದ್ದು ಒಂದು ಮಳೆಗಾಲದ ರಾತ್ರಿ. ರಜೆಗೆ ಬಂದಿದ್ದ ತಮ್ಮನ ಮಗ, “ದೊಡ್ಡಪ್ಪಾ, ಇದನ್ನು ಕೇಳಿ” ಎಂದು ಫೋನಿನಲ್ಲಿ ತಂತಿವಾದ್ಯವೊಂದನ್ನು ಕೇಳಿಸಿದ. ಹೆಂಚಿನ ಮೇಲೆ ಬೀಳುವ ಮಳೆಯಂತೆಯೇ ಬಿಡಿಬಿಡಿಯಾಗಿ, ಆದರೆ ಒಂದಕ್ಕೊಂದು ಹೆಣೆದುಕೊಂಡು ಬರುವ ನಾದ. ಪಶ್ಚಿಮ ಆಫ್ರಿಕದ ಮಾಲಿ ದೇಶದ ತುಮಾನಿ ದಿಯಾಬತೆ ಎಂಬವರು ನುಡಿಸಿದ ಕೋರಾ ಅದು ಎಂದ. ದೊಡ್ಡ ಸೋರೆಬುರುಡೆಯ ಅರ್ಧಕ್ಕೆ ಹಸುವಿನ ಚರ್ಮ ಬಿಗಿದು, 21 ತಂತಿ ಕಟ್ಟಿ ಮಾಡುವ ವಾದ್ಯ. ಅದೇ ನಾಡಿನ ಇನ್ನೊಂದು ವಾದ್ಯದ ಚಿತ್ರವನ್ನೂ ತೋರಿಸಿದ. ಕಂಡೊಡನೆ “ಇದು ನಮ್ಮ ದುಡಿಯಲ್ಲವೇ!” ಎಂದು ಉದ್ಗರಿಸಿದೆ. ಅಲ್ಲಿ ಅದರ ಹೆಸರು ತಾಮಾ. ನಡು ಸಣ್ಣ, ಎರಡೂ ಕಡೆ ಚರ್ಮ. ಕಂಕುಳಲ್ಲಿಟ್ಟು ಹುರಿಗಳನ್ನು ಒತ್ತಿ ನಾದವನ್ನು ಏರಿಳಿಸುತ್ತಾರೆ. ಮನುಷ್ಯ ಮಾತನಾಡಿದ ಹಾಗೆಯೇ ಅದು ನುಡಿಯುತ್ತದಂತೆ. ನಡು ಸಣ್ಣಗಿರುವ ವಾದ್ಯ ಲೋಕದ ಎಷ್ಟೋ ಕಡೆ ಇದೆ, ಡಮರುವೂ ಅದೇ ಆಕಾರದ್ದು. ಆದ್ದರಿಂದ ಈ ಹೋಲಿಕೆಯನ್ನು ರಕ್ತಸಂಬಂಧವೆಂದು ಹಿಗ್ಗಿಸಬೇಕಾಗಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ ಹೋಲಿಕೆ ಬೇರೆಯೇ ಇತ್ತು.

ಮಾಲಿಯಲ್ಲಿಯೂ ಸಂಗೀತ ಒಂದು ಕುಲವೃತ್ತಿ. ಜೆಲಿ ಎಂಬ ಕುಲದವರು ಹುಟ್ಟಿನಿಂದಲೇ ಹಾಡುಗಾರರು, ವಾದಕರು, ವಂಶಾವಳಿಯ ನೆನಪುಗಾರರು. ಹೊರಜಗತ್ತು ಅವರನ್ನು ಗ್ರಿಯೋ ಎಂದು ಕರೆಯುತ್ತದೆ. 13ನೆಯ ಶತಮಾನದಲ್ಲಿ ಮಾಲಿ ಸಾಮ್ರಾಜ್ಯವನ್ನು ಕಟ್ಟಿದ ಸುಂಜಾತನ ಕಥೆಯನ್ನು ಇಂದಿಗೂ ಹಾಡಿ ಉಳಿಸಿರುವವರು ಅವರೇ. ಮದುವೆಗೆ, ನಾಮಕರಣಕ್ಕೆ ಅವರು ಬೇಕೇ ಬೇಕು. ಆದರೆ ಅವರ ಕುಲ ಬೇರೆ. ಉಚ್ಚ ಕುಲದವರು ಅವರಲ್ಲಿ ಹೆಣ್ಣು ತರುವುದಿಲ್ಲ, ಅವರ ಕಸುಬನ್ನು ತಾವು ಕೈಗೊಳ್ಳುವುದೂ ಇಲ್ಲ. 1949ರಲ್ಲಿ ಹುಟ್ಟಿದ ಸಲೀಫ್ ಕೇತಾ ಸುಂಜಾತನ ವಂಶದವರು ಎನಿಸಿಕೊಂಡವರು. ಅವರು ಹಾಡುಗಾರನಾಗುತ್ತೇನೆ ಎಂದಾಗ ಮನೆಯವರು ಒಪ್ಪಲಿಲ್ಲ. ರಾಜವಂಶದವನು ಹಾಡುವುದೆಂದರೇನು! ಇದನ್ನೆಲ್ಲ ಕೇಳಿದಾಗ ಆಫ್ರಿಕದ ಕಥೆ ಕೇಳುತ್ತಿದ್ದೇನೋ ಕೊಡಗಿನ ಕಥೆ ಕೇಳುತ್ತಿದ್ದೇನೋ ಎಂಬ ಅನುಮಾನ ನನಗೆ ಬಂದದ್ದುಂಟು. ಅಂಗಳಕ್ಕೆ ಬೇಕು, ಪಂಕ್ತಿಗೆ ಬೇಡ ಎಂಬ ಕಟ್ಟಳೆ ಮನುಷ್ಯನಿರುವ ಕಡೆಯೆಲ್ಲ ಇದೆಯೇನೋ!

ಆದರೆ ಮುಂದೆ ನಡೆದದ್ದರಲ್ಲಿ ಎರಡು ವ್ಯತ್ಯಾಸಗಳಿವೆ. ಈ ಲೇಖನದ ತಿರುಳೂ ಅವೇ.

ಮೊದಲನೆಯದು ಹೆಸರು. ಕುಲದ ಕಟ್ಟಳೆ ಎಷ್ಟೇ ಬಿಗಿಯಾಗಿದ್ದರೂ ಮಾಲಿಯಲ್ಲಿ ವಾದಕನ ಹೆಸರು ಅಡಗಿ ಹೋಗಲಿಲ್ಲ. ದಿಯಾಬತೆ, ಕುಯಾತೆ ಎಂಬ ಮನೆತನದ ಹೆಸರು ಕೇಳಿದೊಡನೆ ಇವರು ಜೆಲಿಗಳು ಎಂದು ಜನ ಗುರುತಿಸುತ್ತಾರೆ. ಅದು ಅವಮಾನದ ಗುರುತಾಗಿ ಉಳಿಯದೆ ವಿದ್ಯೆಯ ಗುರುತಾಗಿ ಬೆಳೆಯಿತು. 1965ರಲ್ಲಿ ಹುಟ್ಟಿ 2024ರಲ್ಲಿ ನಿಧನರಾದ ತುಮಾನಿ ದಿಯಾಬತೆಯವರ ಹೆಸರು ಧ್ವನಿಮುದ್ರಿಕೆಯ ಮುಖದ ಮೇಲೆ ಅಚ್ಚಾಗಿತ್ತು. ಸಾವಿರಾರು ಮೈಲಿ ದೂರದ ಮೂರ್ನಾಡಿನಲ್ಲಿ ಮಳೆಯ ರಾತ್ರಿ ಅದು ನನ್ನ ಕಿವಿಗೆ ಬಿದ್ದದ್ದು ಆ ಕಾರಣದಿಂದಲೇ. ನನ್ನ ಅಂಗಳದಲ್ಲೇ ಇಪ್ಪತ್ತು ವರ್ಷ ನುಡಿಸಿದವರ ಹೆಸರು ಮಾತ್ರ ನನಗೆ ತಿಳಿದಿರಲಿಲ್ಲ.

ಎರಡನೆಯದು ಹೊಸ ವಾದ್ಯವನ್ನು ಬರಮಾಡಿಕೊಂಡ ಬಗೆ. 1970ರಲ್ಲಿ ಮಾಲಿಯ ರಾಜಧಾನಿ ಬಮಾಕೊದಲ್ಲಿ, ರೈಲ್ವೆ ಇಲಾಖೆಯ ಆಶ್ರಯದಲ್ಲಿ, ನಿಲ್ದಾಣದ ಹೋಟೆಲಿನಲ್ಲಿ ನುಡಿಸಲು ‘ರೈಲ್ ಬ್ಯಾಂಡ್’ ಎಂಬ ತಂಡ ಹುಟ್ಟಿತು. ವಿದ್ಯುತ್ ಗಿಟಾರು, ಸ್ಯಾಕ್ಸೊಫೋನು, ಡ್ರಮ್ಮು ಎಲ್ಲವೂ ಅಲ್ಲಿದ್ದವು. ಮನೆಯವರ ವಿರೋಧವನ್ನು ದಾಟಿ ಬಂದ ಸಲೀಫ್ ಕೇತಾ ಅಲ್ಲಿ ಹಾಡಿದರು. ಜೆಲಿ ಕುಲದ ಜೆಲಿಮಾದಿ ತುಂಕಾರಾ ಅಲ್ಲಿ ಗಿಟಾರು ನುಡಿಸಿದರು. ಅವರ ಗಿಟಾರಿನಲ್ಲಿ ಕೇಳುವುದು ಹಳೆಯ ತಂತಿವಾದ್ಯಗಳ, ಮರದ ಪಟ್ಟಿಗಳ ಬಲಾಫೋನಿನ ನಡೆ. ವಾದ್ಯ ಹೊಸದು, ಕೈ ಹಳೆಯದು. ಆದ್ದರಿಂದ ಅಲ್ಲಿನ ಜನಪ್ರಿಯ ಸಂಗೀತ ಸಾಂಪ್ರದಾಯಿಕ ಸಂಗೀತವನ್ನು ಹೊರಗೆ ತಳ್ಳಿ ಬೆಳೆಯಲಿಲ್ಲ, ಅದರ ಹೆಗಲೇರಿ ಬೆಳೆಯಿತು.

ನಮ್ಮಲ್ಲಿ ಏನಾಯಿತು? ಯಂತ್ರ ಬಂದದ್ದು ಡೋಲಿನವರ ಕೈಗಲ್ಲ, ಡೋಲಿನವರ ಬದಲಿಗೆ. ಕೀಬೋರ್ಡು ಬಂದದ್ದು ತಪ್ಪಲ್ಲ. ಅದು ಯಾರ ಕೈಗೆ ಬಂತು ಎಂಬುದೇ ಪ್ರಶ್ನೆ. ಮೇದರ ಹುಡುಗನೊಬ್ಬ ತನ್ನ ತಂದೆಯ ಬಡಿತವನ್ನು ಬಲ್ಲವನಾಗಿ, ಅದನ್ನು ಹೊಸ ವಾದ್ಯದಲ್ಲಿ ಹೊಸದಾಗಿ ಕಟ್ಟಿದ್ದರೆ ಅದು ಬೆಳವಣಿಗೆ. ಅವನ ತಂದೆಯ ಬಡಿತವನ್ನು ಪೆಟ್ಟಿಗೆಗೆ ತುಂಬಿಕೊಂಡು ತಂದೆಯನ್ನೂ ಮಗನನ್ನೂ ಮನೆಗೆ ಕಳಿಸಿದರೆ ಅದು ನಷ್ಟ. ಎರಡಕ್ಕೂ ಜನ ಒಂದೇ ರೀತಿ ಕುಣಿಯಬಹುದು. ವಿವೇಕವಿರುವವರು ವ್ಯತ್ಯಾಸ ತಿಳಿಯಬೇಕು.

ಮಾಲಿಯ ಬಗ್ಗೆ ಇನ್ನೊಂದು ಮಾತನ್ನು ಹೇಳದಿದ್ದರೆ ಚಿತ್ರ ಅಪೂರ್ಣವಾಗುತ್ತದೆ. 2012ರಲ್ಲಿ ಆ ದೇಶದ ಉತ್ತರ ಭಾಗವನ್ನು ವಶಪಡಿಸಿಕೊಂಡ ಸಶಸ್ತ್ರ ಗುಂಪುಗಳು ಧರ್ಮದ ಹೆಸರಿನಲ್ಲಿ ಸಂಗೀತವನ್ನೇ ನಿಷೇಧಿಸಿದವು. ವಾದ್ಯಗಳು ಮೌನವಾದವು, ಹಾಡುಗಾರರು ಊರು ಬಿಟ್ಟರು. ಇದನ್ನು ಓದಿ ಅಯ್ಯೋ ಎನ್ನುವ ಮುನ್ನ ನಮ್ಮ ಮನೆಯ ಇತಿಹಾಸವನ್ನೂ ತೆರೆದು ನೋಡೋಣ.

ನಮ್ಮ ಅಂಗಳ

ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಕಥೋಲಿಕ ಕ್ರೈಸ್ತರಿಗೆ ದೊಡ್ಡವೀರರಾಜೇಂದ್ರ ಅರಸನು ಆಶ್ರಯ ಕೊಟ್ಟ ಕಥೆ ನಿಮಗೆ ತಿಳಿದದ್ದೇ. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದ ಇತಿಹಾಸ 1792ರಿಂದ ಆರಂಭವಾಗುತ್ತದೆ. ಕೊಂಕಣಿ ಮನೆಮಾತಿನ ಆ ಹಿರಿಯರ ಮದುವೆಯ ಹಾಡು ವೊವಿಯೊ. ಮದುವೆಯ ಮುನ್ನಾದಿನ ರೋಸಿನ ವೇಳೆ ತೆಂಗಿನ ಹಾಲು ಹಚ್ಚುತ್ತ ಹೆಂಗಸರು ಇಂದಿಗೂ ಅದನ್ನು ಹಾಡುತ್ತಾರೆ. ಆದರೆ 1736ರಲ್ಲಿ ಗೋವೆಯ ಧರ್ಮವಿಚಾರಣಾ ನ್ಯಾಯಾಲಯ ಹೊರಡಿಸಿದ ಆಜ್ಞೆಯು ಮದುವೆಯ ಹಲವು ಸ್ಥಳೀಯ ಪದ್ಧತಿಗಳ ಜೊತೆಗೆ ವೊವಿಯೊ ಹಾಡುವುದನ್ನೂ ನಿಷೇಧಿಸಿತ್ತು. ಆಜ್ಞೆ ಹೊರಡಿಸಿದವರು ಹೋದರು, ವೊವಿಯೊ ಉಳಿಯಿತು. ಅಡುಗೆಮನೆಯಲ್ಲಿ, ಹಿತ್ತಿಲಲ್ಲಿ, ಅಜ್ಜಿಯಂದಿರ ಬಾಯಲ್ಲಿ ಅಡಗಿ ಉಳಿಯಿತು.

ಧರ್ಮಸಭೆ ಆ ದಾರಿಯಿಂದ ಬಹುದೂರ ಬಂದಿದೆ. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಪ್ರಕಟಿಸಿದ ದೈವಾರಾಧನೆಯ ಸಂವಿಧಾನವು, ಆಯಾ ಜನಾಂಗದ ಸ್ವಂತ ಸಂಗೀತ ಪರಂಪರೆಗೆ ತಕ್ಕ ಗೌರವವನ್ನೂ ಸ್ಥಾನವನ್ನೂ ಕೊಡಬೇಕೆಂದು ಬೋಧಿಸಿತು. ಮಂಗಳೂರಿನಲ್ಲಿ 1986ರಲ್ಲಿ ಎರಿಕ್ ಒಝೇರಿಯೊ ಅವರು ಕಟ್ಟಿದ ‘ಮಾಂಡ್ ಸೊಭಾಣ್’ ಸಂಸ್ಥೆ ಮರೆಯಾಗುತ್ತಿದ್ದ ಗುಮಟೆಯನ್ನು ಮತ್ತೆ ವೇದಿಕೆಗೆ ತಂದಿತು. 2008ರ ಜನವರಿಯಲ್ಲಿ ಅದೇ ಸಂಸ್ಥೆ 40 ಗಂಟೆಗಳ ಕಾಲ ನಿಲ್ಲದೆ ಕೊಂಕಣಿ ಹಾಡುಗಳನ್ನು ಹಾಡಿಸಿ ಗಿನ್ನೆಸ್ ದಾಖಲೆಗೂ ಸೇರಿತು. ತನ್ನ ಹಾಡನ್ನು ಕಳೆದುಕೊಳ್ಳುವ ಭಯ ಏನೆಂದು ಬಲ್ಲವರು ನಾವು. ಆದ್ದರಿಂದ ನೆರೆಯವನ ಹಾಡು ಬಡವಾಗುವುದನ್ನು ನೋಡಿ ಸುಮ್ಮನಿರುವ ಹಕ್ಕು ನಮಗಿಲ್ಲ.

ಗೌರವದ ದಿನಗಳು ಬರುತ್ತಲೂ ಇವೆ. 2023ರಲ್ಲಿ ಕೊಡಗಿನ ಐಮುಡಿಯಂಡ ರಾಣಿ ಮಾಚಯ್ಯ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು. ಕಂಚಿನ ತಾಳ ಹಿಡಿದು ಹೆಂಗಸರು ವೃತ್ತವಾಗಿ ಆಡುವ ಉಮ್ಮತ್ತಾಟನ್ನು ಊರೂರಿನಲ್ಲಿ ಕಲಿಸಿ ಬೆಳೆಸಿದವರು ಅವರು. ಅದೇ ವರ್ಷದ ಪಟ್ಟಿಯಲ್ಲಿ ಇನ್ನೊಂದು ಹೆಸರೂ ಇತ್ತು. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ವಾದಕ ಮುನಿವೆಂಕಟಪ್ಪನವರದು. ಶತಮಾನಗಳ ಕಾಲ ಊರ ಹೊರಗೆ ನಿಂತು ಊರಿಗಾಗಿ ಬಡಿದ ತಮಟೆಯ ಹೆಸರು ರಾಷ್ಟ್ರಪತಿ ಭವನದಲ್ಲಿ ಮೊಳಗಿತು. ಕುಣಿದವರಿಗೂ ಬಾರಿಸಿದವರಿಗೂ ಒಂದೇ ಪಟ್ಟಿಯಲ್ಲಿ ಜಾಗ ಸಿಕ್ಕ ಆ ವರ್ಷವನ್ನು ನಾನು ಸಂತೋಷದಿಂದ ನೆನೆಯುತ್ತೇನೆ. ದೆಹಲಿಯಲ್ಲಿ ಸಾಧ್ಯವಾದದ್ದು ಮೂರ್ನಾಡಿನ ಮದುವೆಯ ಮನೆಯಲ್ಲಿ ಸಾಧ್ಯವಾಗದೇ?

ಪ್ರಿಯ ಓದುಗರೇ, ಸಂಗೀತದ ವಿಮರ್ಶೆ ಬರೆಯುತ್ತೇನೆಂದು ಹೊರಟವನು ಊಟದ ಪಂಕ್ತಿಯ ಬಗ್ಗೆ ಮಾತನಾಡುತ್ತಿದ್ದೇನೆಂದು ನಿಮಗೆ ಅನಿಸಬಹುದು. ಆದರೆ ಎರಡೂ ಬೇರೆಯಲ್ಲ. ವಾಲಗದವನ ಮಗ ಆ ಕಲೆಯನ್ನು ಕಲಿಯಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವುದು ತನ್ನ ತಂದೆ ಎಲ್ಲಿ ಕುಳಿತು ಉಣ್ಣುತ್ತಾನೆ ಎಂಬುದನ್ನು ನೋಡಿ. ಹಿಂದಿನ ಜಗಲಿಯಲ್ಲಿ ಆರಿದ ಅನ್ನ ಉಣ್ಣುವ ತಂದೆಯನ್ನು ಕಂಡ ಮಗ ಡೋಲನ್ನು ಅಟ್ಟಕ್ಕೆ ಹಾಕಿ ಬೇರೆ ಕೆಲಸ ಹುಡುಕಿಕೊಂಡು ಹೋದರೆ ಅವನನ್ನು ಹೇಗೆ ದೂರುವುದು? ಅವನು ಹೋದದ್ದು ಸರಿಯೇ. ಅವನು ಹೋಗುವಂತೆ ಮಾಡಿದ ಮೇಲೆ, “ಹಳೆಯ ವಾಲಗ ಈಗೆಲ್ಲಿದೆ?” ಎಂದು ನಾವು ನಿಟ್ಟುಸಿರು ಬಿಡುವುದು ಸರಿಯಲ್ಲ.

ದೇವರನ್ನು ಸ್ತುತಿಸಲು ಕೊಂಬನ್ನೂ ತಂತಿಯನ್ನೂ ತಾಳವನ್ನೂ ಹೆಸರಿಟ್ಟು ಕರೆಯುವ 150ನೆಯ ಕೀರ್ತನೆಯನ್ನು ನಾವು ಎಷ್ಟೋ ಬಾರಿ ಹಾಡಿದ್ದೇವೆ. ಅಲ್ಲಿ ವಾದ್ಯಕ್ಕೂ ಹೆಸರಿದೆ. ನಮ್ಮಲ್ಲಿ ವಾದ್ಯ ನುಡಿಸುವ ಮನುಷ್ಯನಿಗಾದರೂ ಹೆಸರಿರಲಿ.

ಹೋದ ವರ್ಷ ನಮ್ಮ ಕುಟುಂಬದಲ್ಲಿ ಇನ್ನೊಂದು ಮದುವೆಯಾಯಿತು. ಮೊದಲಿನ ತಂಡವನ್ನೇ ಕರೆದೆವು. ಕಾರ್ಯಕ್ರಮದ ಹಾಳೆಯಲ್ಲಿ ಗಾಯನವೃಂದದ ಹೆಸರಿನ ಕೆಳಗೆ, ಅವರ ಒಪ್ಪಿಗೆ ಪಡೆದು, ವಾಲಗದ ಐವರ ಹೆಸರನ್ನೂ ಅಚ್ಚು ಹಾಕಿಸಿದೆವು. ಮೊದಲ ಪಂಕ್ತಿಗೇ ಅವರನ್ನು ಕೂರಿಸಬೇಕೆಂದು ನಾನು ಹೇಳಿದಾಗ ನಮ್ಮ ಹಿರಿಯರೊಬ್ಬರು ಮುಖ ಗಂಟಿಕ್ಕಿ, “ವಾಲಗ ನಿಲ್ಲಿಸಿದರೆ ಕುಣಿಯುವವರು ಏನು ಮಾಡಬೇಕು?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಅಂಗಳದಲ್ಲಿ ಅರ್ಧ ಗಂಟೆ ಸದ್ದಿರಲಿಲ್ಲ. ಯುವಕರು ಬೆವರು ಒರೆಸಿಕೊಳ್ಳುತ್ತ ನಿಂತರು. ಒಬ್ಬಿಬ್ಬರು ಗೊಣಗಿದರು. ಒಬ್ಬ ಹುಡುಗ ಮೂಲೆಯಲ್ಲಿದ್ದ ಡೋಲಿನ ಹತ್ತಿರ ಹೋಗಿ ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿದ.

ತಂಡದ ಹಿರಿಯರು ಕೈ ತೊಳೆದು ಬಂದು, ಆ ಹುಡುಗನಿಗೆ ಕೋಲು ಹಿಡಿಯುವ ಬಗೆಯನ್ನು ತೋರಿಸಿದರು. ಅವನಿಂದ ಎರಡು ಪೆಟ್ಟು ಹಾಕಿಸಿ, ಆಮೇಲೆ ಡೋಲನ್ನು ತಾವು ಹೆಗಲಿಗೆ ಏರಿಸಿಕೊಂಡರು. ಅಂದಿನ ವಾಲಗ ಕತ್ತಲಾಗುವವರೆಗೂ ನಡೆಯಿತು. ನಮ್ಮ ಮುಖ ಗಂಟಿಕ್ಕಿದ ಹಿರಿಯರೂ ಕೊನೆಗೆ ಕುಣಿದರು.